ಟೆನ್ಷನ್ನು ಮತ್ತು ನಿದ್ದೆ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು, ಆಪ್ತ ಸಮಾಲೋಚನೆ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ. ಮದುವೆಮನೆ ಪಂಕ್ತೀಲಿ, ಶಿವಮೊಗ್ಗ ಬಸ್ಸಲ್ಲಿ, ರಾತ್ರಿ ಹನ್ನೊಂದೂವರೆಗೆ ಬರೋ ವಾಟ್ಸಾಪ್ ಮೆಸೇಜಲ್ಲಿ ಜನ ಕೇಳೋದು ತಿರುಗಾಮುರುಗಾ ಇವೇ ಪ್ರಶ್ನೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದೀನಿ. ಕೇಳಿದವರ ಮಾತು ಹೆಂಗಿತ್ತೋ ಹಂಗೇ ಇದೆ, ಯಾರು ಅಂತ ಗೊತ್ತಾಗೋ ವಿವರ ಮಾತ್ರ ತೆಗೆದಿದೀನಿ. ನಿಮಗೆ ಬೇಕಾದ್ದಷ್ಟೇ ಓದ್ಕೊಳ್ಳಿ.

### ಮೊದಮೊದಲು ಕೇಳೋದು

ಇಡೀ ದಿನ ತೋಟದಲ್ಲಿ ಮೈಮುರಿದು ಬಂದಿರ್ತೀನಿ, ಆದ್ರೂ ಟೆನ್ಷನ್ ಇದ್ರೆ ನಿದ್ದೆ ಹತ್ರ ಸುಳಿಯಲ್ಲ. ಸುಸ್ತಾದ್ರೆ ನಿದ್ದೆ ಬರ್ಬೇಕಲ್ದಾ?

ಸುಸ್ತು ಬೇರೆ, ನಿದ್ದೆ ಬೇರೆ ಮಾರಾಯ್ರೆ. ನಾವು ಎದ್ದಿರೋ ಹೊತ್ತೆಲ್ಲ ಮೆದುಳಲ್ಲಿ ಅಡೆನೊಸಿನ್ ಅಂತ ಒಂದು ವಸ್ತು ಸೇರ್ತಾ ಹೋಗತ್ತೆ, ಅದು ನಮ್ಮನ್ನ ನಿದ್ದೆ ಕಡೆ ಎಳೆಯತ್ತೆ. ಆದ್ರೆ ಅದರ ಎದುರಿಗೆ ದೇಹದ್ದು ಒಂದು ಕಾವಲು ಇದೆ. ಗದ್ದೆ ಕಾಯಕ್ಕೆ ಮಾಳದ ಮೇಲೆ ಕೂತವನು ಎಷ್ಟೇ ಸುಸ್ತಾಗಿದ್ರೂ ಹಂದಿ ಗುಟುರು ಕೇಳಿದ ಕೂಡ್ಲೇ ಎದ್ದು ನಿಲ್ತಾನಲ್ಲ, ಹಂಗೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರತ್ತೆ, ಎದೆ ಬಡಿತ ಜಾಸ್ತಿ ಆಗತ್ತೆ, ಸಣ್ಣ ಶಬ್ದಕ್ಕೂ ಕಿವಿ ನಿಮಿರತ್ತೆ. ದೇಹಕ್ಕೆ ಹಂದಿಗೂ ಸಾಲದ ನೋಟಿಸಿಗೂ ವ್ಯತ್ಯಾಸ ಗೊತ್ತಾಗಲ್ಲ, ಎರಡಕ್ಕೂ ಕಾವಲಿನವನು ಎದ್ದೇ ನಿಲ್ತಾನೆ.

ಅದಕ್ಕೆ ನಾನು ಎಲ್ಲರ ಹತ್ರನೂ ಮೊದಲು ಹೇಳೋದು ಇದನ್ನೇ, ನಿದ್ದೆನ ಕೈಹಿಡಿದು ಎಳ್ಕೊಂಡು ಬರಕ್ಕಾಗಲ್ಲ, ಆದ್ರೆ ಆ ಕಾವಲಿನವನನ್ನ ಮಾಳದಿಂದ ಇಳಿಸ್ಬಹುದು, ಮತ್ತೆ ಆ ಕೆಲಸ ರಾತ್ರಿ ಹತ್ತಕ್ಕೆ ಶುರು ಮಾಡಿದ್ರೆ ತಡ ಆಯ್ತು, ಹಗಲಲ್ಲೇ ಮಾಡ್ಬೇಕು. ಕೆಳಗೆ ಇರೋ ಸುಮಾರು ಉತ್ತರ ಎಲ್ಲ ಅದೇ ಕೆಲಸದ ಬೇರೆ ಬೇರೆ ದಾರಿ.

ಎಷ್ಟು ಗಂಟೆ ಮಲಗ್ಬೇಕು? ನಮ್ಮಪ್ಪ ನಾಲ್ಕೇ ಗಂಟೆ ಮಲಗಿ ನಾಲ್ಕು ಎಕರೆ ತೋಟ ಮಾಡಿದ್ರು.

ದೊಡ್ಡವರಿಗೆ ದಿನಾ 7 ಗಂಟೆಗೆ ಕಮ್ಮಿ ಆಗಬಾರದು ಅಂತ ಅಮೆರಿಕದ ನಿದ್ರಾ ತಜ್ಞರು 2015ರಲ್ಲಿ ಒಟ್ಟಿಗೆ ಕೂತು ಹೇಳಿದ್ದಾರೆ, ಹದಿಹರೆಯದವರಿಗೆ 8ರಿಂದ 10 ಬೇಕು. ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರತ್ತೆ. ನಿಮ್ಮಪ್ಪ ಮಧ್ಯಾಹ್ನ ಊಟ ಆದ್ಮೇಲೆ ಜಗಲಿ ಮೇಲೆ ಚಾಪೆ ಹಾಕ್ಕೊಂಡು ಮಲಗ್ತಿದ್ರಾ ಅಂತ ಒಂದ್ಸಲ ಅಮ್ಮನ ಹತ್ರ ಕೇಳಿ ನೋಡಿ, ನಾನು ಕೇಳಿಸಿದ ಮನೇಲೆಲ್ಲ ಆ ಒಂದು ಗಂಟೆ ಯಾರೂ ಲೆಕ್ಕಕ್ಕೇ ತಗೊಂಡಿರಲ್ಲ. ಗಂಟೆಗಿಂತ ಹಗಲು ಹೆಂಗಿರತ್ತೆ ಅನ್ನೋದು ನೋಡಿ. ಬೈಕ್ ಓಡಿಸ್ತಾ ತೂಕಡಿಕೆ ಬರಲ್ಲ, ಮಕ್ಕಳ ಮೇಲೆ ಸುಮ್ನೆ ರೇಗಲ್ಲ ಅಂದ್ರೆ ಆರೂವರೆ ಗಂಟೆಗೂ ತಲೆ ಕೆಡಿಸ್ಕೊಬೇಡಿ.

ಮಲಗಿದ ಕೂಡ್ಲೇ ನಿದ್ದೆ ಬರತ್ತೆ ಆದ್ರೆ 3 ಗಂಟೆಗೆ ಟಕ್ ಅಂತ ಎಚ್ಚರ. ಆಮೇಲೆ ಕೋಳಿ ಕೂಗೋವರೆಗೂ ಸೂರು ನೋಡೋದೇ.

ನಿದ್ದೆ ಒಂದೇ ಉದ್ದದ ಹಗ್ಗ ಇದ್ದಂಗೆ ಇರಲ್ಲ, ಸುಮಾರು 90 ನಿಮಿಷದ ಸುತ್ತು ನಾಲ್ಕೈದು ಇರತ್ತೆ, ಸುತ್ತಿಂದ ಸುತ್ತಿಗೆ ಹೋಗುವಾಗ ಎಲ್ರಿಗೂ ಒಂಚೂರು ಎಚ್ಚರ ಆಗತ್ತೆ, ಮಗ್ಗಲು ಬದಲಾಯಿಸಿ ಮತ್ತೆ ಮಲಗ್ತೀವಿ, ಬೆಳಿಗ್ಗೆ ನೆನಪೂ ಇರಲ್ಲ. ಗಾಢ ನಿದ್ದೆ ಜಾಸ್ತಿ ಇರೋದು ರಾತ್ರಿ ಮೊದಲ ಭಾಗದಲ್ಲಿ, 3 ಗಂಟೆ ಮೇಲೆ ತೆಳು ನಿದ್ದೆ, ಕನಸು. ಅದೇ ಹೊತ್ತಿಗೆ ಬೆಳಗಾಗೋ ತಯಾರಿಗೆ ಕಾರ್ಟಿಸಾಲ್ ಮೆಲ್ಲಗೆ ಏರಕ್ಕೆ ಶುರುವಾಗಿರತ್ತೆ. ತಲೇಲಿ ಚಿಂತೆ ಇದ್ದವರಿಗೆ ಆ ಸಣ್ಣ ಎಚ್ಚರನೇ ಸಾಕು.

ಎಚ್ಚರ ಆಗಿದ್ದಕ್ಕಿಂತ ಆಮೇಲೆ ನಾವು ಮಾಡೋದು ಹೆಚ್ಚು ಕೆಡಿಸತ್ತೆ. ಗಡಿಯಾರ ನೋಡೋದು, "ಅಯ್ಯೋ ಇನ್ನು ಮೂರೇ ಗಂಟೆ" ಅಂತ ಲೆಕ್ಕ ಹಾಕೋದು. ಆ ಲೆಕ್ಕ ಹಾಕಿದ ಕ್ಷಣಕ್ಕೆ ಎದೆ ಡವಡವ ಶುರು. ಗಡಿಯಾರನ ಗೋಡೆ ಕಡೆ ತಿರುಗಿಸಿಡಿ, ಮೊಬೈಲ್ ಕೈಗೆ ಸಿಗದ ಹಂಗೆ ಇಡಿ, ಇಷ್ಟು ಮಾಡಿದ್ದಕ್ಕೇ ಅರ್ಧ ಸರಿ ಹೋದವರನ್ನ ನೋಡಿದೀನಿ. ಮತ್ತೆ, ರಾತ್ರಿ 3ಕ್ಕೆ ಕಂಡ ಯಾವ ಕಷ್ಟನೂ ಅದರ ನಿಜವಾದ ಅಳತೇಲಿ ಕಾಣಲ್ಲ, ಆ ಹೊತ್ತಲ್ಲಿ ಯಾವ ತೀರ್ಮಾನನೂ ತಗೋಬೇಡಿ, ದಯವಿಟ್ಟು.

ಕಾಫಿ ಬಿಡ್ಲೇಬೇಕಾ? ಮಲೆನಾಡಲ್ಲಿ ಹುಟ್ಟಿ ಕಾಫಿ ಬಿಡು ಅಂದ್ರೆ ಹೆಂಗೆ?

ಬಿಡ್ಬೇಡಿ, ಹೊತ್ತು ಬದಲಾಯಿಸಿ. ಮೇಲೆ ಹೇಳಿದ ಅಡೆನೊಸಿನ್ ಕೂರೋ ಜಾಗದಲ್ಲಿ ಕೆಫೀನ್ ಹೋಗಿ ಕೂತ್ಬಿಡತ್ತೆ, ಅದಕ್ಕೇ ಎಚ್ಚರ. ಕುಡಿದ ಕೆಫೀನಲ್ಲಿ ಅರ್ಧ ದೇಹದಿಂದ ಹೋಗಕ್ಕೇ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಲಗೋ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ್ರು, ಅದು ಮೂರ್ನಾಲ್ಕು ದೊಡ್ಡ ಲೋಟ ಸ್ಟ್ರಾಂಗ್ ಕಾಫಿಯಷ್ಟು, ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಮ್ಮಿ ಆಯ್ತು. ನನ್ನ ಲೆಕ್ಕ, ಮಧ್ಯಾಹ್ನ 2ರ ಮೇಲೆ ಕಾಫಿ ಟೀ ಬೇಡ. ಸಂಜೆ ಐದಕ್ಕೆ ನೆಂಟರು ಬಂದ್ರೆ ಕಷಾಯ ಮಾಡಿ, ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿದ್ದು, ಹಾಲು ಬೆಲ್ಲ ಹಾಕಿ, ನಮ್ಮ ಅಜ್ಜಿಯರಿಗೆ ಸಂಜೆ ಅದೇ ಆಗ್ತಿತ್ತು.

ಇನ್ನೊಂದು ಯಾರೂ ಕೇಳದೆ ನಾನೇ ಹೇಳೋದು: ರಾತ್ರಿ ಊಟ ಆದ್ಮೇಲಿನ ಕವಳ, ಅಂದ್ರೆ ಎಲೆಅಡಿಕೆ. ಅಡಿಕೇಲಿರೋ ಅರೆಕೊಲಿನ್ ಎಚ್ಚರ ತರಿಸೋ ವಸ್ತು, ಅದರ ಜೊತೆ ಹೊಗೆಸೊಪ್ಪು ಇದ್ರೆ ನಿಕೋಟಿನ್ ಬೇರೆ. ನಾವು ಅಡಿಕೆ ಬೆಳೆದೇ ಅನ್ನ ತಿನ್ನೋರು, ಹೇಳಕ್ಕೆ ಮನಸ್ಸು ಬರಲ್ಲ, ಆದ್ರೂ ಹೇಳ್ಬೇಕು.

ಒಂದು ಪೆಗ್ ಹಾಕಿದ್ರೆ ಒಳ್ಳೇ ನಿದ್ದೆ ಬರತ್ತಲ್ಲ?

ಬೇಗ ಬರತ್ತೆ, ಉಳಿಯಲ್ಲ. ಮೊದಲ ಮೂರ್ನಾಲ್ಕು ಗಂಟೆ ಕಲ್ಲಿನ ಹಂಗೆ ಮಲಗಿ ಆಮೇಲೆ ಪದೇ ಪದೇ ಎಚ್ಚರ, ಬಾಯಿ ಒಣಗೋದು, ಬೆವರು, ಗೊರಕೆ ಜಾಸ್ತಿ. ದಿನ ಕಳೆದ ಹಾಗೆ ಅದೇ ನಿದ್ದೆಗೆ ಎರಡು ಪೆಗ್ ಬೇಕಾಗತ್ತೆ. ನಿದ್ರೆ ಮಾತ್ರೆ ಜೊತೆ ಹಾಕಿದ್ರೆ ಉಸಿರಿಗೇ ಅಪಾಯ.

ಮೊಬೈಲ್ ನೋಡ್ತಾ ನೋಡ್ತಾನೇ ನನಗೆ ನಿದ್ದೆ ಬರೋದು, ಅದೂ ತಪ್ಪಾ?

ಬೆಳಕು ಒಂದು ಕಾರಣ, ಆದ್ರೆ ನನ್ನ ಅನುಭವದಲ್ಲಿ ಬೆಳಕಿಗಿಂತ ಅದರಲ್ಲಿ ಬರೋ ವಿಷಯ ದೊಡ್ಡ ಕಾರಣ. ಹತ್ತೂವರೆಗೆ ಗ್ರೂಪಲ್ಲಿ "ನಾಳೆ ರಾಶಿ ಇಡಿ ರೇಟ್ ಬೀಳತ್ತಂತೆ" ಅಂತ ಯಾರೋ ಹಾಕ್ತಾರೆ, ರಾಶಿ ಇಡಿ ಅಂದ್ರೆ ಅಡಿಕೇದೊಂದು ಬಗೆ, ನಿಜನೋ ಸುಳ್ಳೋ ಗೊತ್ತಿಲ್ಲ, ಮನೇಲಿ ಮೂವತ್ತು ಚೀಲ ಇದೆ, ಇನ್ನೆಲ್ಲಿ ನಿದ್ದೆ. ಹಳೇ ಭಾವಗೀತೆ ಹಾಕ್ಕೊಂಡು ಸ್ಕ್ರೀನ್ ಕೆಳಗೆ ಮಾಡಿ ಮಲಗಿದ್ರೆ ನನ್ನದೇನೂ ತಕರಾರಿಲ್ಲ. ರೇಟು, ನ್ಯೂಸು, ಮನೆಜನದ ಗ್ರೂಪಿನ ಜಗಳ ಇವು ಮೂರು ರಾತ್ರಿ 9ರ ಮೇಲೆ ಬೇಡ.

### ಹಗಲಲ್ಲಿ ಮಾಡ್ಬೇಕಾದ್ದು

ತಲೆದಿಂಬಿಗೆ ತಲೆ ಇಟ್ಟ ಕೂಡ್ಲೇ ಯೋಚನೆ ಶುರುವಾಗತ್ತೆ. ಯೋಚಿಸ್ಬೇಡ ಅಂದ್ಕೊಂಡಷ್ಟೂ ಜಾಸ್ತಿ. ಎಂತ ಮಾಡೋದು?

ಯೋಚಿಸ್ಬೇಡಿ ಅಂತ ನಾನು ಯಾರಿಗೂ ಹೇಳಲ್ಲ, ಬೇರೆ ಹೊತ್ತಲ್ಲಿ ಯೋಚಿಸಿ ಅಂತೀನಿ. ಇಡೀ ದಿನ ಕೆಲಸ, ಫೋನು, ಜನ, ತಲೆಗೆ ಒಂದು ನಿಮಿಷ ಪುರುಸೊತ್ತು ಇರಲ್ಲ, ಮೊದಲ ಪುರುಸೊತ್ತು ಸಿಗೋದೇ ಹಾಸಿಗೇಲಿ, ಅದಕ್ಕೆ ಬಾಕಿ ಎಲ್ಲ ಅಲ್ಲೇ ಬಂದು ಕ್ಯೂ ನಿಲ್ಲತ್ತೆ.

ಸಂಜೆ ಆರರಿಂದ ಏಳರೊಳಗೆ ಒಂದು ಹೊತ್ತು ಗೊತ್ತು ಮಾಡ್ಕೊಳ್ಳಿ, 20 ನಿಮಿಷ ಸಾಕು, ದಿನಾ ಅದೇ ಜಾಗ, ಮಲಗೋ ಕೋಣೆ ಮಾತ್ರ ಬೇಡ. ಒಂದು ನೋಟ್‌ಬುಕ್, ನಡುವೆ ಒಂದು ಗೆರೆ. ಎಡಗಡೆ ಚಿಂತೆ, ಬಲಗಡೆ ಅದಕ್ಕೆ ಮುಂದಿನ ಒಂದೇ ಒಂದು ಹೆಜ್ಜೆ. ಹೊಸನಗರ ಕಡೆಯ ಒಬ್ಬ ತಾಯಿ ನನಗೆ ಅವರ ಪುಸ್ತಕ ತೋರಿಸಿದ್ರು, ಅದರಲ್ಲಿ ಎಡಗಡೆ "ಸೊಸೈಟಿ ಕಂತು" ಅಂತಿತ್ತು, ಬಲಗಡೆ "ಸೋಮವಾರ ಸೆಕ್ರೆಟರಿ ಹತ್ರ ಮಾತಾಡೋದು, ಪಾಸ್‌ಬುಕ್ ತಗೊಂಡು ಹೋಗೋದು". ಕೆಳಗೆ ಎಡಗಡೆ "ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲ". ಬಲಗಡೆ ಖಾಲಿ. ಒಂದು ವಾರ ಖಾಲಿನೇ ಇತ್ತಂತೆ, ಆಮೇಲೆ ಅವರೇ ಬರೆದಿದ್ದು "ಇದು ಇವತ್ತು ನನ್ನ ಕೈಲಿಲ್ಲ". ಆ ಒಂದು ಸಾಲು ಬರೆದ ದಿನ ಅತ್ತುಬಿಟ್ಟೆ, ಆದ್ರೆ ಅವತ್ತು ಮಲಗಿದೆ ಅಂದ್ರು.

ರಾತ್ರಿ ಯೋಚನೆ ಬಂದ್ರೆ "ನಾಳೆ ಆರು ಗಂಟೆಗೆ ಬಾ" ಅಂತ ಹೇಳಿ, ನಿಜವಾಗ್ಲೂ ಆರು ಗಂಟೆಗೆ ಕೂತ್ಕೊಳ್ಳಿ, ಕೂರದೆ ಮೋಸ ಮಾಡಿದ್ರೆ ಮನಸ್ಸು ಮಾರನೇ ರಾತ್ರಿ ನಂಬಲ್ಲ. ಇದರ ಜೊತೆ ಮಲಗೋ ಮುಂಚೆ 5 ನಿಮಿಷ ನಾಳೆ ಮಾಡ್ಬೇಕಾದ ಕೆಲಸದ ಪಟ್ಟಿ ಬರೆಯೋದೂ ಒಳ್ಳೇದು. 2018ರಲ್ಲಿ ಅಮೆರಿಕದಲ್ಲಿ 57 ಜನರ ಮೇಲೆ ಇದನ್ನ ಪ್ರಯೋಗ ಮಾಡಿ ನೋಡಿದ್ರು, ನಾಳಿನ ಕೆಲಸ ಬರೆದವರಿಗೆ, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು, ಪಟ್ಟಿ ಎಷ್ಟು ಬಿಡಿಬಿಡಿಯಾಗಿತ್ತೋ ಅಷ್ಟು ಬೇಗ. "ತೋಟದ ಕೆಲಸ" ಅಂತ ಬರೀಬೇಡಿ, "ಕೆಳಗಿನ ತೋಟದ ಪೈಪ್ ಜಾಯಿಂಟ್ ನೋಡೋದು" ಅಂತ ಬರೀರಿ.

ಪ್ರಾಣಾಯಾಮ ಮಾಡಿ ಅಂತಾರೆ, ಧ್ಯಾನ ಮಾಡಿ ಅಂತಾರೆ. ನನಗೆ ಕಣ್ಣು ಮುಚ್ಚಿದ್ರೆ ಇನ್ನೂ ಗಾಬರಿ ಆಗತ್ತೆ.

ಹಂಗಿದ್ರೆ ಕಣ್ಣು ಬಿಟ್ಕೊಂಡೇ ಮಾಡಿ. ಉಸಿರಲ್ಲಿ ಮುಖ್ಯ ಒಂದೇ, ಒಳಗೆ ತಗೊಳ್ಳೋದಕ್ಕಿಂತ ಹೊರಗೆ ಬಿಡೋದು ಉದ್ದ ಇರ್ಬೇಕು. ನಾಲ್ಕು ಎಣಿಸ್ತಾ ತಗೊಳ್ಳಿ, ಆರು ಎಣಿಸ್ತಾ ಬಿಡಿ, ಆಗ ನಿಮಿಷಕ್ಕೆ ಆರು ಉಸಿರು ಆಗತ್ತೆ. ಉಸಿರು ಬಿಡುವಾಗ ಎದೆ ಬಡಿತ ತನ್ನಷ್ಟಕ್ಕೇ ನಿಧಾನ ಆಗೋದು ದೇಹದ ಸ್ವಭಾವ, ನಾವು ಆ ಹೊತ್ತನ್ನ ಉದ್ದ ಮಾಡ್ತಿದೀವಿ ಅಷ್ಟೇ.

ಗಾಬರಿ ಜಾಸ್ತಿ ಇರೋರಿಗೆ ನಾನು ಉಸಿರಿಗಿಂತ ಸ್ನಾಯುವಿನ ಅಭ್ಯಾಸ ಹೇಳಿಕೊಡ್ತೀನಿ, ಎಡ್ಮಂಡ್ ಜೇಕಬ್ಸನ್ ಅನ್ನೋ ಅಮೆರಿಕದ ವೈದ್ಯರು ನೂರು ವರ್ಷದ ಹಿಂದೆ ಕಂಡುಹಿಡಿದಿದ್ದು. ಬಲಗೈ ಮುಷ್ಟಿನ, ಅಡಿಕೆ ಚೀಲದ ಮೂತಿ ಹಿಡಿದ ಹಂಗೆ ಬಿಗಿ ಹಿಡೀರಿ, ಐದು ಸೆಕೆಂಡ್. ಮುಂಗೈ ನರ ಎಳೆಯೋದು, ಬೆರಳ ತುದಿ ಬೆಳ್ಳಗಾಗೋದು ಗಮನಿಸಿ. ಈಗ ಒಮ್ಮೆಗೇ ಬಿಡಿ. ಹತ್ತಿಪ್ಪತ್ತು ಸೆಕೆಂಡ್ ಸುಮ್ನಿರಿ, ಅಂಗೈಗೆ ಬೆಚ್ಚಗೆ ಹರಿದು ಬರೋದು ಗೊತ್ತಾಗತ್ತೆ. ಆಮೇಲೆ ಎಡಗೈ, ಭುಜ ಕಿವಿ ತನಕ ಎತ್ತಿ ಬಿಡೋದು, ಹಣೆ ಗಂಟು ಹಾಕಿ ಬಿಡೋದು, ಹಲ್ಲು ಕಚ್ಚಿ ಬಿಡೋದು, ಹೊಟ್ಟೆ, ತೊಡೆ, ಪಾದ. ಸುಮಾರು ಜನಕ್ಕೆ ದವಡೆ ಬಿಟ್ಟಾಗಲೇ ಗೊತ್ತಾಗೋದು, ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡೇ ಇದ್ದೆ ಅಂತ. ಇದನ್ನ ಮೊದಲ ಎರಡು ವಾರ ಹಗಲಲ್ಲಿ ಕಲೀರಿ, ರಾತ್ರಿ ನಿದ್ದೆ ಬರಿಸಕ್ಕೆ ಅಂತ ಮಾಡಿದ್ರೆ ಅದೂ ಒಂದು ಪರೀಕ್ಷೆ ಆಗಿಬಿಡತ್ತೆ.

ಪ್ರತಿ ಮಳೆಗಾಲ ನನ್ನ ನಿದ್ದೆ ಕೆಡತ್ತೆ. ಮಳೆ ಶಬ್ದನಾ, ಚಳಿನಾ ಗೊತ್ತಿಲ್ಲ.

ಎರಡು ಕಾರಣ ನನಗೆ ಕಂಡಿದ್ದು. ಒಂದು ಬೆಳಕು. ದೇಹದ ಗಡಿಯಾರ ದಿನಾ ಬೆಳಗಿನ ಬೆಳಕಿಂದ ಸರಿಹೊಂದ್ಕೊಳ್ಳತ್ತೆ, ನಮ್ಮ ಕಡೆ ಆರಿದ್ರಾ ಮಳೆ ಹಿಡಿದ್ರೆ ಹಂಚಿನ ಮನೆ ಒಳಗೆ ಮಧ್ಯಾಹ್ನನೂ ಲೈಟ್ ಹಾಕ್ಬೇಕು. ಆದ್ರೆ ಎಷ್ಟೇ ಮೋಡ ಇದ್ರೂ ಹೊರಗಿನ ಬೆಳಕು ಮನೆ ಒಳಗಿನ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ನಮ್ಮ ಕಣ್ಣಿಗೆ ಗೊತ್ತಾಗಲ್ಲ ಅಷ್ಟೇ. ಹಂಗಾಗಿ ಎದ್ದ ಅರ್ಧ ಗಂಟೆ ಒಳಗೆ ಜಗಲಿ ತುದಿಗೆ ಬಂದು ಆಕಾಶ ಕಾಣೋ ಹಂಗೆ ಕೂತು ಕಾಫಿ ಕುಡೀರಿ, 20-30 ನಿಮಿಷ. ಒಲೆ ಮುಂದೆ ಕೂತು ಕುಡಿಯೋ ಕಾಫಿ ರುಚಿ ಹೌದು, ಆದ್ರೆ ಅಲ್ಲಿ ಬೆಳಕಿಲ್ಲ.

ಎರಡನೇದು ಕೊಳೆ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗ. ಒಂದು ಸಲ ಅದಕ್ಕೆ ಬೋರ್ಡೋ ಔಷಧಿ ಹೊಡೆದು 40-45 ದಿನ ಆಗಿರತ್ತೆ, ಎರಡನೇ ಸಲ ಹೊಡೀಬೇಕು, ಮಳೆ ಒಂದು ಗಂಟೆ ಬಿಡುವು ಕೊಡಲ್ಲ, ಮರ ಹತ್ತಿ ಹೊಡೆಯೋ ಕೊನೆಗಾರ ಸಿಗಲ್ಲ. ರಾತ್ರಿ ಸೂರಿನ ಮೇಲೆ ಮಳೆ ಜೋರಾದಾಗೆಲ್ಲ ತೋಟದಲ್ಲಿ ಕಾಯಿ ಉದುರಿದ ಹಂಗೇ ಕೇಳತ್ತೆ. ನಮ್ಮ ತಂದೆ ಟಾರ್ಚ್ ಹಿಡ್ಕೊಂಡು ರಾತ್ರಿ ಒಂದು ಗಂಟೆಗೆ ಅಂಗಳಕ್ಕೆ ಇಳಿದು ನಿಲ್ತಿದ್ರು, ಸುಮ್ನೆ, ಮಳೆ ನೋಡ್ತಾ. ಈ ಚಿಂತೆ ಸುಳ್ಳಲ್ಲ, ಇದಕ್ಕೆ ಉಸಿರಾಟ ಮಾಡಿ ಅಂದ್ರೆ ಅವಮಾನ ಮಾಡಿದ ಹಂಗೆ. ಅದಕ್ಕೆ ಇಲ್ಲಿ ನಾನು ಹೇಳೋದು ಜನ ಸೇರ್ಸಿ ಅಂತ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಕೊನೆಗಾರನಿಗೆ ಮೇ ತಿಂಗಳಲ್ಲೇ ಒಟ್ಟಿಗೆ ಹೇಳಿಟ್ಕೊಳ್ಳಿ, ಮಳೆ ಬಿಟ್ಟ ದಿನ ಯಾರ ತೋಟ ಮೊದಲು ಅಂತ ಆಗಲೇ ಮಾತಾಡ್ಕೊಳ್ಳಿ, ಬೆಳೆ ವಿಮೆ ಕಂತಿನ ಕೊನೇ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ. ಕೈಲಿ ಆಗೋದು ಮುಗಿಸಿಟ್ಟ ಮೇಲೆ ಉಳಿದ ಚಿಂತೆಗೆ ಮೇಲಿನ ನೋಟ್‌ಬುಕ್ಕು.

ರಾತ್ರಿ ಸ್ನಾನ ಮಾಡಿದ್ರೆ ನಿದ್ದೆ ಬರತ್ತೆ ಅಂತಾರೆ, ಹೌದಾ?

ಹೌದು, ನಮ್ಮ ಬಚ್ಚಲೊಲೆಯ ಹಂಡೆ ನೀರು ಇದಕ್ಕೇ ಇರೋದು. 40ರಿಂದ 42 ಡಿಗ್ರಿ ಬಿಸಿನೀರು, ಮಲಗೋ ಒಂದೆರಡು ಗಂಟೆ ಮುಂಚೆ. ಕೈಕಾಲಿಗೆ ರಕ್ತ ಹರಿದು ಒಳಗಿನ ಶಾಖ ಹೊರಗೆ ಹೋಗತ್ತೆ, ಮೈ ಒಳಗೆ ತಣ್ಣಗಾಗೋದೇ ನಿದ್ದೆಗೆ ಸೂಚನೆ. ಮಲಗೋ ಐದು ನಿಮಿಷ ಮುಂಚೆ ಮಾಡಿದ್ರೆ ಮೈ ಇನ್ನೂ ಬಿಸಿ ಇರತ್ತೆ, ಅಷ್ಟು ಪ್ರಯೋಜನ ಇಲ್ಲ.

ಮಧ್ಯಾಹ್ನ ಮಲಗ್ಬಹುದಾ?

20-30 ನಿಮಿಷ, 3 ಗಂಟೆ ಒಳಗೆ. ರಾತ್ರಿ ನಿದ್ದೆನೇ ಬರದವರು ಒಂದಷ್ಟು ವಾರ ಅದನ್ನೂ ಬಿಡಿ.

ಮಗ ಪಿಯುಸಿ, ರಾತ್ರಿ ಎರಡರ ತನಕ ಓದ್ತಾನೆ, ಬೆಳಿಗ್ಗೆ ಆರಕ್ಕೆ ಬಸ್ಸು. ಓದು ಬಿಡು ಅನ್ನಕ್ಕಾಗತ್ತಾ?

ಓದಿದ್ದು ತಲೇಲಿ ಗಟ್ಟಿಯಾಗಿ ಕೂರೋ ಕೆಲಸ ನಡೆಯೋದೇ ನಿದ್ದೇಲಿ. ಆ ವಯಸ್ಸಲ್ಲಿ ದೇಹದ ಗಡಿಯಾರನೇ ಸ್ವಲ್ಪ ತಡವಾಗಿ ಓಡ್ತಿರತ್ತೆ, ಬೇಗ ನಿದ್ದೆ ಬರದೇ ಇರೋದು ಸೋಮಾರಿತನ ಅಲ್ಲ, ಬೈಬೇಡಿ. 11ಕ್ಕೆ ಪುಸ್ತಕ ಮುಚ್ಚೋದು ಅಂತ ಅವನ ಜೊತೆ ಕೂತು ಒಪ್ಪಂದ ಮಾಡ್ಕೊಳ್ಳಿ. ಮತ್ತೆ ಮನೇಲಿ ಊಟದ ಹೊತ್ತಲ್ಲಿ ಪಕ್ಕದ ಮನೆ ಹುಡುಗನ ಮಾರ್ಕ್ಸ್ ಸುದ್ದಿ ಎತ್ತಬೇಡಿ. ಇದನ್ನ ನಾನು ಕೈಮುಗಿದು ಕೇಳ್ಕೊಳ್ತೀನಿ.

### ತಿಂಗಳುಗಟ್ಟಲೆ ಆದವರು ಕೇಳೋದು

ಟಿವಿ ಮುಂದೆ ಕೂತಲ್ಲೇ ತೂಕಡಿಕೆ, ಎದ್ದು ಹಾಸಿಗೆಗೆ ಹೋದ್ರೆ ಕಣ್ಣು ಪಟ್ ಅಂತ ಬಿಡತ್ತೆ. ಇದೆಂತ ಕರ್ಮ?

ಕರ್ಮ ಅಲ್ಲ, ಅಭ್ಯಾಸ. ತಿಂಗಳುಗಟ್ಟಲೆ ಹಾಸಿಗೇಲಿ ಹೊರಳಾಡಿ ಹೊರಳಾಡಿ ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ಮೆದುಳು ಕಲಿತುಬಿಟ್ಟಿದೆ. ಅದನ್ನ ಮರೆಸ್ಬೇಕು. ರಿಚರ್ಡ್ ಬೂಟ್‌ಜಿನ್ ಅನ್ನೋ ಮನಶ್ಶಾಸ್ತ್ರಜ್ಞರು 1972ರಲ್ಲಿ ಹೇಳಿದ ಕ್ರಮ ಇವತ್ತಿಗೂ ನಡೀತಿದೆ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗೋದು. ಸುಮಾರು 20 ನಿಮಿಷ ಆಯ್ತು ಅನ್ಸಿದ್ರೆ, ಗಡಿಯಾರ ನೋಡ್ದೆ, ಎದ್ದು ಬೇರೆ ಕೋಣೆಗೆ ಹೋಗಿ ಮಂದ ಬೆಳಕಲ್ಲಿ ಬೇಜಾರಿನ ಕೆಲಸ ಮಾಡೋದು, ಬಟ್ಟೆ ಮಡಚೋದು, ಅವರೆಕಾಯಿ ಬಿಡಿಸೋದು. ಮತ್ತೆ ತೂಕಡಿಕೆ ಬಂದಾಗ ವಾಪಸ್. ರಾತ್ರಿ ನಾಲ್ಕು ಸಲ ಎದ್ರೂ ಸರಿ. ಬೆಳಿಗ್ಗೆ ಏಳೋ ಹೊತ್ತು ಮಾತ್ರ ದಿನಾ ಒಂದೇ. ಮೊದಲ ವಾರ ನರಕ, ಮುಚ್ಚಿಡಲ್ಲ.

ನಿದ್ದೆ ಸಾಲಲ್ಲ ಅಂತ 9ಕ್ಕೇ ಹೋಗಿ ಮಲಗ್ತೀನಿ, 7ಕ್ಕೆ ಏಳ್ತೀನಿ. ಆದ್ರೂ ಐದು ಗಂಟೆ ನಿದ್ದೆ ಆದ್ರೆ ಹೆಚ್ಚು. ಇನ್ನೂ ಬೇಗ ಮಲಗ್ಲಾ?

ಉಲ್ಟಾ ಮಾಡಿ, ತಡವಾಗಿ ಮಲಗಿ. ಇದನ್ನ ಹೇಳಿದ್ರೆ ಎಲ್ರೂ ನನ್ನ ಮುಖ ನೋಡ್ತಾರೆ, ಅದಕ್ಕೆ ನನ್ನದೇ ಹೇಳ್ತೀನಿ. ತಂದೆ ತೀರಿಕೊಂಡ ವರ್ಷ ನನಗೆ ನಿದ್ದೆ ಹೋಯ್ತು. ಅದು ಸಹಜ. ಸಹಜ ಅಲ್ಲದ್ದು ಏನಂದ್ರೆ ದುಃಖ ಸ್ವಲ್ಪ ಕಮ್ಮಿ ಆದ್ಮೇಲೂ ಎರಡು ವರ್ಷ ನಿದ್ದೆ ವಾಪಸ್ ಬರ್ಲಿಲ್ಲ. ಕಾರಣ, ನಾನು ನಿದ್ದೆ ಹಿಡಿಯಕ್ಕೆ ಮಾಡಿದ ಕಸರತ್ತು. 9ಕ್ಕೆ ಹಾಸಿಗೆ, ಭಾನುವಾರ 9ರ ತನಕ ಮಲಗೋದು, ಮಧ್ಯಾಹ್ನ ಎರಡು ಗಂಟೆ, ರಾತ್ರಿ ಯಾರ ಮನೆ ಕಾರ್ಯಕ್ಕೂ ಹೋಗ್ದೆ ಇರೋದು. ಆರ್ಥರ್ ಸ್ಪೀಲ್‌ಮನ್ ಅನ್ನೋರು 1987ರಲ್ಲಿ ಇದನ್ನೇ ಹೇಳಿದ್ದಾರೆ, ನಿದ್ದೆ ಕೆಡಿಸಿದ ಕಾರಣ ಬೇರೆ, ಅದನ್ನ ಹಿಡಿದಿಟ್ಟ ಕಾರಣ ಬೇರೆ ಅಂತ.

ಲೆಕ್ಕ ಹಿಂಗೆ: ಎರಡು ವಾರ ಬರೆದಿಟ್ಟು ಸರಾಸರಿ ಎಷ್ಟು ನಿದ್ದೆ ಆಗ್ತಿದೆ ನೋಡಿ. ಐದೂವರೆ ಗಂಟೆ ಅಂದ್ರೆ ಹಾಸಿಗೇಲಿ ಇರೋದೂ ಐದೂವರೆ ಗಂಟೆನೇ, ಆರಕ್ಕೆ ಏಳೋರು ಹನ್ನೆರಡೂವರೆಗೆ ಮಲಗೋದು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಹಾಸಿಗೇಲಿ ಇದ್ದ ಹೊತ್ತಲ್ಲಿ ನೂರಕ್ಕೆ 85-90 ಭಾಗ ನಿದ್ದೆ ಆಗಕ್ಕೆ ಶುರುವಾದ ಮೇಲೆ ವಾರಕ್ಕೆ 15 ನಿಮಿಷ ಜಾಸ್ತಿ ಮಾಡ್ತಾ ಹೋಗೋದು. ನಾನು ಹನ್ನೆರಡೂವರೆವರೆಗೂ ಎದ್ದಿರಕ್ಕೆ ಅಡುಗೆಮನೆ ಡಬ್ಬಿ ಎಲ್ಲ ಇಳಿಸಿ ಒರೆಸಿ ಒರೆಸಿ ಇಡ್ತಿದ್ದೆ, ಮೂರನೇ ವಾರದ ಒಂದು ರಾತ್ರಿ ಸಾಸಿವೆ ಡಬ್ಬಿ ಕೈಲಿ ಹಿಡ್ಕೊಂಡೇ ಕಣ್ಣು ಮುಚ್ಚಿ ಹೋಗ್ತಿತ್ತು, ಎರಡು ವರ್ಷದ ಮೇಲೆ ಅಂಥ ನಿದ್ದೆ.

ಎಚ್ಚರಿಕೆ: ಬಸ್ಸು ಲಾರಿ ಓಡಿಸೋರು, ಮರ ಹತ್ತೋರು, ಫಿಟ್ಸ್ ಇರೋರು, ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಅತಿ ಬೇಜಾರಿಗೆ ತೂಗೋದು) ಇರೋರು ಇದನ್ನ ತಾವೇ ಮಾಡಬಾರದು, ನಿದ್ದೆ ಕಮ್ಮಿ ಆದ್ರೆ ಅವರಿಗೆ ಅಪಾಯ. ಈ ಎರಡು ಉತ್ತರದಲ್ಲಿ ಹೇಳಿದ್ದು, ಮೇಲಿನ ಚಿಂತೆ ಪುಸ್ತಕ ಎಲ್ಲ ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಅಂತಾರೆ, ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿದೆ.

ಆಲ್ಪ್ರಜೋಲಂ ಅಂತ ಗಾಬರಿ ಇಳಿಸಿ ನಿದ್ದೆ ಬರಿಸೋ ಮಾತ್ರೆ ಒಂದು ವರ್ಷದಿಂದ ತಗೊಳ್ತಿದೀನಿ. ಇದನ್ನೆಲ್ಲ ಓದಿ ಇವತ್ತೇ ನಿಲ್ಲಿಸ್ಬೇಕು ಅನ್ಸಿದೆ.

ಇವತ್ತೇ ನಿಲ್ಲಿಸ್ಬೇಡಿ! ಒಮ್ಮೆಗೇ ಬಿಟ್ರೆ ನಿದ್ದೆ ಮೊದಲಿಗಿಂತ ಕೆಟ್ಟು, ಕೈ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರತ್ತೆ. ಬರೆದುಕೊಟ್ಟ ಡಾಕ್ಟರ್ ಹತ್ರ ಹೋಗಿ ವಾರಗಟ್ಟಲೆ, ಬೇಕಾದ್ರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸ್ಬೇಕು. ತಗೊಂಡಿದ್ದಕ್ಕೆ ನಾಚಿಕೆ ಬೇಡ, ಕಷ್ಟದ ಕೆಲವು ದಿನಕ್ಕೆ ಅದು ಬೇಕಾಗಿರತ್ತೆ. ಆದ್ರೆ ಅಕ್ಕನ ಚೀಟಿಲಿ ತಮ್ಮ ತಗೊಳ್ಳೋದು, ಪರಿಚಯದ ಅಂಗಡಿಲಿ ಚೀಟಿ ಇಲ್ದೆ ಕೇಳೋದು ಬೇಡ. ವಯಸ್ಸಾದವರಿಗೆ ಇನ್ನೂ ಜೋಪಾನ, ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟ ಮುರಿದ್ರೆ ಅದರ ಕಥೆನೇ ಬೇರೆ.

ಅಶ್ವಗಂಧ, ಗಸಗಸೆ ಪಾಯಸ?

ಗಸಗಸೆ ಪಾಯಸ ಹಬ್ಬಕ್ಕೆ ಮಾಡಿ ಉಣ್ಣಿ, ಔಷಧಿ ಅಂತ ದಿನಾ ರಾತ್ರಿ ಬೇಡ, ಕಾಯಿಹಾಲು ಬೆಲ್ಲ ಹಾಕಿದ ಭಾರದ ತಿಂಡಿ ಅದು. ಅಶ್ವಗಂಧದಿಂದ ನಿದ್ದೆಗೆ ಸ್ವಲ್ಪ ಸಹಾಯ ಆಗತ್ತೆ ಅಂತ ಸಣ್ಣ ಸಣ್ಣ ಅಧ್ಯಯನ ಇದಾವೆ, ಹಂಗೇ ಅಪರೂಪಕ್ಕೆ ಲಿವರಿಗೆ ಪೆಟ್ಟಾದ ಉದಾಹರಣೆನೂ ಇದಾವೆ. ಬಸುರಿಯರು, ಥೈರಾಯ್ಡ್ ಮಾತ್ರೆ ತಗೊಳ್ಳೋರು ಕೇಳದೆ ತಗೋಬಾರದು.

ನೈಟ್ ಶಿಫ್ಟ್ ಕೆಲಸ. ಈ ನಿಯಮ ಎಲ್ಲ ನಮಗೆ ಹೆಂಗೆ ಅನ್ವಯ ಆಗತ್ತೆ?

ಪವರ್‌ಹೌಸಿನವರು, ನರ್ಸ್‌ಗಳು, ರಾತ್ರಿ ಬಸ್ಸಿನವರು ಕೇಳ್ತಾರೆ. ಶಿಫ್ಟ್ ಮುಗಿಸಿ ಬರುವಾಗ ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ, ಕೋಣೆಗೆ ದಪ್ಪ ಪರದೆ, ಕಾಫಿ ಶಿಫ್ಟಿನ ಮೊದಲ ಅರ್ಧದಲ್ಲಿ ಮಾತ್ರ, ಹೋಗೋ ಮುಂಚೆ ಒಂದು ಸಣ್ಣ ನಿದ್ದೆ. ದೊಡ್ಡ ಕಷ್ಟ ಮನೆಜನದ್ದು, "ಹಗಲು ಮಲಗಿದಾನೆ" ಅಂತ ಕರೆಂಟ್ ಬಿಲ್ಲಿಗೂ ಎಬ್ಬಿಸ್ತಾರೆ. ಬಾಗಿಲ ಮೇಲೆ ಏಳೋ ಹೊತ್ತು ಬರೆದು ಅಂಟಿಸಿ, ಮನೆಯವರು ಆ ಹೊತ್ತನ್ನ ರಾತ್ರಿ ಅಂತಲೇ ತಿಳ್ಕೋಬೇಕು.

ಮಕ್ಕಳಿಬ್ರೂ ಬೆಂಗಳೂರು. ಇಷ್ಟು ದೊಡ್ಡ ಮನೇಲಿ ನಾವಿಬ್ರೇ. ಒಂದು ಎಲೆ ಬಿದ್ರೂ ಎಚ್ಚರ ಆಗತ್ತೆ.

ಈಗ ಅತಿ ಜಾಸ್ತಿ ಬರೋ ಪ್ರಶ್ನೆ ಇದು, ಮತ್ತೆ ನನಗೆ ಅತಿ ಸಂಕಟ ಆಗೋದೂ ಇದಕ್ಕೇ. ಹತ್ತು ಜನ ಮಲಗ್ತಿದ್ದ ಮನೆ, ಈಗ ಎರಡು ಹಾಸಿಗೆ. ಕಾಯೋರು ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ದೇಹ ತಾನೇ ಕಾವಲು ಕೂರತ್ತೆ.

ಸಾಗರ ಕಡೆಯ ಒಬ್ಬ ಅಮ್ಮ ರಾತ್ರಿ ನಾಲ್ಕು ಸಲ ಎದ್ದು ಹೆಬ್ಬಾಗಿಲ ಚಿಲಕ, ಹಿತ್ಲ ಬಾಗಿಲು, ಕೊಟ್ಟಿಗೆ, ಗ್ಯಾಸು ನೋಡ್ತಿದ್ರು. ಅವರಿಗೆ ನಾನು ನೋಡ್ಬೇಡಿ ಅನ್ಲಿಲ್ಲ, ಒಂದೇ ಸಲ ನೋಡಿ, ಚೆನ್ನಾಗಿ ನೋಡಿ ಅಂದೆ. 9 ಗಂಟೆಗೆ ಇಬ್ರೂ ಟಾರ್ಚ್ ಹಿಡ್ಕೊಂಡು ಒಂದು ಸುತ್ತು, ಚಿಲಕ ಮುಟ್ಟಿ ಜೋರಾಗಿ "ಹಾಕಾಯ್ತು" ಅಂತ ಬಾಯಲ್ಲಿ ಹೇಳೋದು. ಬಾಯಲ್ಲಿ ಹೇಳಿದ್ದು ಕಿವಿಗೆ ಬಿದ್ದಿರತ್ತೆ, ರಾತ್ರಿ ಅನುಮಾನ ಬಂದಾಗ ನೆನಪಾಗತ್ತೆ. ಹಾಸಿಗೆ ಪಕ್ಕ ಫೋನು, ಪಕ್ಕದ ಮನೆಯವರ ನಂಬರ್ ಒಂದೇ ಬಟನ್ನಿಗೆ, ಅಂಗಳದ ಲೈಟಿನ ಸ್ವಿಚ್ ತಲೆ ಹತ್ರಕ್ಕೆ ಎಳೆಸಿದ್ರು. ಇಷ್ಟೇ. ಈಗ ಒಂದೇ ಸಲ ಏಳ್ತಾರಂತೆ, ಅದೂ ಬಚ್ಚಲಿಗೆ. ಅಂದ ಹಾಗೆ, ಕೆಲವು ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡತ್ತೆ, ಅದನ್ನ ಬೆಳಿಗ್ಗೆ ತಗೊಳ್ಬಹುದಾ ಅಂತ ಡಾಕ್ಟರ್ ಹತ್ರ ಕೇಳಿ.

ಬೆಂಗಳೂರಲ್ಲಿರೋ ಮಕ್ಕಳಿಗೆ ಒಂದು ಮಾತು. ರಾತ್ರಿ ಹತ್ತಕ್ಕೆ ಆಫೀಸಿಂದ ಬಂದು ಫೋನ್ ಮಾಡಿ ನಿಮ್ಮ ಕಷ್ಟ ಎಲ್ಲ ಹೇಳಿ ನೀವು ಹಗುರಾಗಿ ಮಲಗ್ತೀರಿ, ಅದು ಇಲ್ಲಿ ಬೆಳಗಿನ ತನಕ ಅಮ್ಮನ ಎದೆ ಮೇಲೆ ಕೂತಿರತ್ತೆ. ಕಷ್ಟ ಹೇಳಿ, ಹೇಳ್ಲೇಬೇಕು, ಆದ್ರೆ ಸಂಜೆ ಏಳರೊಳಗೆ ಹೇಳಿ.

ಇದು ಬರೀ ಟೆನ್ಷನ್ನಾ, ಬೇರೆ ಕಾಯಿಲೆನಾ ಅಂತ ಹೆಂಗೆ ಗೊತ್ತಾಗೋದು?

ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಇದ್ರೆ ಅದು ಸ್ಲೀಪ್ ಅಪ್ನಿಯಾ ಇರ್ಬಹುದು, ಪಕ್ಕ ಮಲಗೋರನ್ನ ಕೇಳಿ, ಅವರಿಗೇ ಗೊತ್ತಿರೋದು. ಸಂಜೆ ಆದ್ಮೇಲೆ ಕಾಲು ಸೆಳೆತ, ಆಡಿಸ್ದೆ ಇರಕ್ಕಾಗದ ಚಡಪಡಿಕೆ ಇದ್ರೆ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ, ಹೆಂಗಸರಲ್ಲಿ ಇದು ಜಾಸ್ತಿ. ಮುಟ್ಟು ನಿಲ್ಲೋ ವಯಸ್ಸಲ್ಲಿ ರಾತ್ರಿ ಬೆವರಿ ಎಚ್ಚರ ಆಗೋದು, ಥೈರಾಯ್ಡ್, ಸಕ್ಕರೆ ಕಾಯಿಲೆ ಇವಕ್ಕೂ ನಿದ್ದೆ ಕೆಡತ್ತೆ. ಬೇಗ ಎಚ್ಚರ ಆಗೋದರ ಜೊತೆ ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಊಟ ರುಚಿಸಲ್ಲ, ಬದುಕು ಬೇಡ ಅನ್ಸತ್ತೆ ಅಂದ್ರೆ ಅದು ಖಿನ್ನತೆ ಇರ್ಬಹುದು, ಕಾಯೋದು ಬೇಡ.

ಮನೋವೈದ್ಯರ ಹತ್ರ ಹೋದ್ರೆ ಊರಲ್ಲಿ ಎಂತ ಅಂತಾರೆ? ಎಲ್ಲಿಗೆ ಹೋಗೋದು?

ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳಿಂದ ಹಿಂಗಿದೆ ಅಂದ್ರೆ ಹೋಗ್ಲೇಬೇಕು. ನಮ್ಮ ಶಿವಮೊಗ್ಗಕ್ಕೆ ಈ ವಿಷಯದಲ್ಲಿ ಒಂದು ಪುಣ್ಯ ಇದೆ, 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಅಶೋಕ್ ಪೈ ಇಲ್ಲೇ ಇದ್ದು ವರ್ಷಗಟ್ಟಲೆ ಕನ್ನಡದಲ್ಲಿ ಬರೆದು, ಮಾತಾಡಿ, ಮನಸ್ಸಿನ ಕಾಯಿಲೆನೂ ಕಾಯಿಲೆನೇ ಅಂತ ಮನೆಮನೆಗೆ ತಿಳಿಸಿದ್ರು. ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೇಲಿ ಮನೋವೈದ್ಯ ವಿಭಾಗ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬಂದು ನೋಡೋ ಮನೋಚೈತನ್ಯ ಕಾರ್ಯಕ್ರಮದ ದಿನ ಯಾವತ್ತು ಅಂತ ಕೇಳಿ. ನಿಮ್ಮ ವಿಷಯ ಗುಟ್ಟಾಗಿಡೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಹಕ್ಕು. ಮನೆಯಿಂದ ಹೊರಡಕ್ಕೇ ಆಗಲ್ಲ ಅನ್ನೋರು 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ 3 ಗಂಟೆಗೂ ತೆಗೀತಾರೆ. ಸಾಯ್ಬೇಕು ಅನ್ಸಿದ ರಾತ್ರಿ ಒಬ್ರೇ ಇರ್ಬೇಡಿ, ಪಕ್ಕದಲ್ಲಿರೋರನ್ನ ಎಬ್ಬಿಸಿ, ಆಮೇಲೆ ಆ ನಂಬರ್.

ಡಾಕ್ಟರ್ ಎದುರು ಕೂತ್ರೆ ಎಂತ ಹೇಳ್ಬೇಕು ಅಂತ್ಲೇ ಮರೆತುಹೋಗತ್ತೆ.

ಹೋಗೋ ಮುಂಚೆ ಎರಡು ವಾರ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಬರೀರಿ: ಮಲಗಿದ್ದು, ಅಂದಾಜು ನಿದ್ದೆ ಬಂದಿದ್ದು, ಎಷ್ಟು ಸಲ ಎಚ್ಚರ, ಎದ್ದಿದ್ದು, ಕೊನೇ ಕಾಫಿ ಎಷ್ಟೊತ್ತಿಗೆ. ರಾತ್ರಿ ಎದ್ದು ಬರೀಬೇಡಿ, ಬೆಳಿಗ್ಗೆ ನೆನಪಿದ್ದಷ್ಟು ಸಾಕು. ತಗೊಳ್ಳೋ ಮಾತ್ರೆ ಎಲ್ಲ, ಆಯುರ್ವೇದದ್ದೂ ಸೇರಿ, ಒಂದು ಕೈಚೀಲಕ್ಕೆ ಹಾಕ್ಕೊಳ್ಳಿ. ಕ್ಯಾಲೆಂಡರ್ ಹಾಳೆ ಮಡಚಿ ಅದೇ ಚೀಲಕ್ಕೆ. ಸಾಧ್ಯ ಆದ್ರೆ ನಿಮ್ಮ ಗೊರಕೆ ಕೇಳೋರನ್ನೂ ಜೊತೆಗೆ ಕರ್ಕೊಂಡು ಹೋಗಿ, ಅವರು ಹೇಳ್ತಾರೆ.